ತೂಕ ಇಳಿದಾಗ ಶಹಬ್ಬಾಸ್ ಎಂದವರಿಗೆ

ಊರೂರಿನ ಶುಗರ್ ಕ್ಲಿನಿಕ್ಕುಗಳ ಮಾನ್ಯ ವೈದ್ಯರಿಗೆ, ತಮ್ಮ ಹಳೆಯ ರೋಗಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಕಾಗದದ ಮೊದಲ ಸಾಲಿನಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುವುದು ನಮ್ಮ ಹಿರಿಯರ ರೂಢಿ. ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ತಾವು ಕುಶಲವಾಗಿರಿ ಎಂದು ಮಾತ್ರ ಹಾರೈಸಿ, ನಮ್ಮ ಮನೆಯ ಸಂಗತಿಯನ್ನು ತಮ್ಮೆದುರು ಇಡುತ್ತೇನೆ. ದಯವಿಟ್ಟು ಕೊನೆಯವರೆಗೂ ಓದಬೇಕು.

ಮೊದಲು ಕೃತಜ್ಞತೆ. ನಮ್ಮಮ್ಮನನ್ನು ತಾವು ಹದಿನಾರು ವರ್ಷ ನೋಡಿದ್ದೀರಿ. ತುಮಕೂರು ಜಿಲ್ಲೆಯ ಸಣ್ಣ ಊರಿಂದ ಬೆಳಗಿನ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ ಹೆಂಗಸನ್ನು ಮಾತಾಡಿಸಿ ಕೂರಿಸಿದ್ದೀರಿ. ಅವಳ ಕಾಲ್ಬೆರಳ ಸಂದಿಯ ಸಣ್ಣ ಹುಣ್ಣನ್ನು ಮೊದಲು ಕಂಡವರು ತಾವೇ. ಆ ಕಾಲು ಉಳಿದದ್ದು ತಮ್ಮಿಂದ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ ನೋಡಿಸಿದಿರಿ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡಿದಿರಿ, ಪಾದಕ್ಕೆ ಕಂಪನದ ಯಂತ್ರ ಮುಟ್ಟಿಸಿ ‘ಗೊತ್ತಾಗ್ತಾ ಅಮ್ಮಾ?’ ಎಂದು ಕೇಳಿದಿರಿ. ಇದನ್ನೆಲ್ಲ ನಾನು ಮರೆತರೆ ನನಗೆ ಒಳ್ಳೆಯದಾಗದು.

ಆದರೆ ಮಾನ್ಯರೇ, ಪಾದದಿಂದ ಕಣ್ಣಿನವರೆಗೆ ಎಲ್ಲವನ್ನೂ ನೋಡಿದ ತಾವು ನಡುವೆ ಇರುವ ಎದೆಯನ್ನು ಒಮ್ಮೆಯೂ ವಿಚಾರಿಸಲಿಲ್ಲ. ‘ಕೆಮ್ಮು ಇದೆಯಾ?’ ಎಂಬ ಎರಡು ಪದ ತಮ್ಮ ಬಾಯಿಂದ ಬರಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಅಮ್ಮನ ಪ್ಲಾಸ್ಟಿಕ್ ಫೈಲು ಈಗ ನನ್ನೆದುರಿಗಿದೆ. ಹಳದಿ ಬಣ್ಣದ್ದು, ಮೂಲೆ ಸೀಳಿದೆ. ಪ್ರತಿ ಚೀಟಿಯ ಎಡಕ್ಕೆ ತಮ್ಮ ನರ್ಸಮ್ಮ ದುಂಡು ಅಕ್ಷರದಲ್ಲಿ ತೂಕ ಬರೆದಿದ್ದಾರೆ. ಜನವರಿಯಲ್ಲಿ 64. ಏಪ್ರಿಲ್‌ನಲ್ಲಿ 62. ಜುಲೈನಲ್ಲಿ 59. ಅಕ್ಟೋಬರಿನಲ್ಲಿ 56. ಆ 59ರ ಪಕ್ಕದಲ್ಲಿ ತಮ್ಮ ಕೈಬರಹದ ಒಂದು ಸರಿ ಗುರುತು ಇದೆ. ಅಂದು ತಾವು ‘ಶಹಬ್ಬಾಸ್ ಅಮ್ಮಾ, ತೂಕ ಚೆನ್ನಾಗಿ ಇಳಿಸಿದ್ದೀರಿ, ಹೀಗೇ ಇರಲಿ’ ಅಂದಿರಿ. ಅಮ್ಮ ಮನೆಗೆ ಬಂದವಳೇ ಚೀಟಿ ತೋರಿಸಿ, ‘ಡಾಕ್ಟ್ರೇ ಶಹಬ್ಬಾಸ್ ಅಂದ್ರು ಕಣೋ, ನೀನು ಮಾತ್ರ ಸೊರಗಿದೀಯ ಸೊರಗಿದೀಯ ಅಂತಿರ್ತೀಯ’ ಎಂದು ನನ್ನ ಬಾಯಿ ಮುಚ್ಚಿಸಿದಳು. ರವಿಕೆಯ ತೋಳು ಜೋಲುತ್ತಿತ್ತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ನಾನು ಸುಮ್ಮನಾದೆ. ಆ ಸುಮ್ಮನಾದ ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ತೂಕದ ಯಂತ್ರವೂ ಅದನ್ನು ಓದುವ ವಿದ್ಯೆಯೂ ಇದ್ದದ್ದು ತಮ್ಮಲ್ಲಿ.

ಅಮ್ಮನನ್ನು ಕರಗಿಸುತ್ತಿದ್ದದ್ದು ಟಿಬಿ. ನಮ್ಮ ಭಾಷೆಯಲ್ಲಿ ಆ ಕಾಯಿಲೆಯ ಹೆಸರೇ ಕ್ಷಯ. ಸವೆಯುವುದು, ಕರಗುವುದು ಎಂದು ಅರ್ಥ. ಹೆಸರಿನಲ್ಲೇ ಲಕ್ಷಣವಿದೆ. ಒಂಬತ್ತು ತಿಂಗಳಲ್ಲಿ ಎಂಟು ಕೆಜಿ ಕರಗಿದ ಹೆಂಗಸು ಎದುರಿಗೆ ಕೂತಿದ್ದಾಗ, ಅವಳು ಊಟ ಬಿಟ್ಟಳೋ, ವಾಕಿಂಗ್ ಹೋದಳೋ, ಅಥವಾ ಒಳಗಿಂದ ಏನೋ ತಿನ್ನುತ್ತಿದೆಯೋ ಎಂದು ಕೇಳಬೇಕಿತ್ತಲ್ಲವೇ? ಅವಳು ವಾಕಿಂಗ್ ಹೋಗುತ್ತಿರಲಿಲ್ಲ. ಮುದ್ದೆ ಅರ್ಧ ಮುರಿದು ಬಿಡುತ್ತಿದ್ದಳು, ಹಸಿವಿಲ್ಲ ಅನ್ನುತ್ತಿದ್ದಳು.

ಕೆಮ್ಮಿನ ವಿಷಯವನ್ನು ಅವಳೇ ಹೇಳಿದಳು, ತಾವು ಕೇಳಿದ್ದಲ್ಲ. ಅವಳು ನುಂಗುತ್ತಿದ್ದ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಅದು ನಿಜ, ವೈದ್ಯರೆಲ್ಲ ಬಲ್ಲ ಸಂಗತಿ. ತಾವು ಮಾತ್ರೆ ಬದಲಿಸಿ ಒಂದು ಬಾಟಲಿ ಸಿರಪ್ಪು ಬರೆದಿರಿ, ‘ಶುಗರ್ ಫ್ರೀ’ ಎಂದು ಅಡಿಗೆರೆ ಎಳೆದು. ಅಷ್ಟು ಕಾಳಜಿ ತಮಗಿತ್ತು. ಮಾತ್ರೆ ಬದಲಾಗಿ ಒಂದೂವರೆ ತಿಂಗಳಾದರೂ ಕೆಮ್ಮು ಹೋಗಲಿಲ್ಲ. ಮುಂದಿನ ಭೇಟಿಯಲ್ಲಿ ತಾವು ಆ ಮಾತು ಎತ್ತಲಿಲ್ಲ, ಅವಳಿಗೆ ಎರಡನೇ ಸಲ ಹೇಳಲು ಸಂಕೋಚ. ರಾತ್ರಿ ಬೆವರಿ ಸೆರಗು ಒದ್ದೆಯಾಗುತ್ತದೆ ಅಂದಾಗ ಶುಗರ್ ಇಳಿದಿರಬೇಕೆಂದು ಮಲಗುವ ಮುಂಚೆ ಎರಡು ಬಿಸ್ಕತ್ತು ತಿನ್ನಲು ಹೇಳಿದಿರಿ. ಸುಸ್ತು ಅಂದಾಗ ಶುಗರ್ ಇದ್ದರೆ ಸುಸ್ತು ಸಹಜ ಅಂದಿರಿ. ಕ್ಷಯದ ಒಂದೊಂದು ಲಕ್ಷಣಕ್ಕೂ ಸಕ್ಕರೆ ಕಾಯಿಲೆಯಲ್ಲಿ ಒಂದೊಂದು ನೆಪ ಸಿಗುತ್ತದೆ. ಅದಕ್ಕಾಗಿಯೇ ತಮ್ಮ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆಯನ್ನು ಬೇರೆಲ್ಲಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ಕೇಳಬೇಕು.

ಕೊನೆಗೆ ಕಂಡುಹಿಡಿದದ್ದು ಯಾರು ಗೊತ್ತೇ? ಟಿಬಿ ಪತ್ತೆಗೆಂದು ಮನೆಮನೆಗೆ ಬಂದಿದ್ದ ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಬಾಗಿಲಲ್ಲೇ ನಿಂತು ‘ಅಜ್ಜೀ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ? ಜ್ವರ? ರಾತ್ರಿ ಬೆವರು? ತೂಕ ಇಳಿದಿದೆಯಾ?’ ಎಂದು ಕೇಳಿದಳು. ನಾಲ್ಕಕ್ಕೂ ಅಮ್ಮ ತಲೆಯಾಡಿಸಿದಳು. ಆ ಹುಡುಗಿ ಕಫದ ಡಬ್ಬಿ ಕೈಗಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಎದೆಯೊಳಗಿಂದ ಕೆಮ್ಮಿ ತೆಗೀಬೇಕು, ಬರೀ ಎಂಜಲು ಬೇಡ ಎಂದು ತೋರಿಸಿಕೊಟ್ಟಳು. ಮೂರನೇ ದಿನ ಫಲಿತಾಂಶ ಬಂತು: ಟಿಬಿ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕಲೆ. ಕ್ಷಯ ಸಾಮಾನ್ಯವಾಗಿ ಮೇಲ್ಭಾಗ ಹಿಡಿಯುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಳಗೂ ಕಾಣಿಸಿಕೊಂಡು ನ್ಯುಮೋನಿಯಾ ಎಂಬ ಭ್ರಮೆ ಹುಟ್ಟಿಸುತ್ತದೆ ಎಂದು ಟಿಬಿ ವಿಭಾಗದ ವೈದ್ಯರು ನಮಗೆ ತಿಳಿಸಿ ಹೇಳಿದರು. ತಿಂಗಳ ಗೌರವಧನಕ್ಕೂ ಕಾಯಬೇಕಾದ ಆ ಹೆಣ್ಣುಮಗಳು ಒಂದು ನಿಮಿಷದಲ್ಲಿ ಕೇಳಿದ್ದನ್ನು ತಾವು ಒಂಬತ್ತು ತಿಂಗಳಲ್ಲಿ ಕೇಳಲಿಲ್ಲ ಎಂಬುದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ.

ಆ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು: ‘ಮನೆಯಲ್ಲಿ ಹಿಂದೆ ಯಾರಿಗಾದರೂ ಟಿಬಿ ಇತ್ತಾ?’ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಪ್ಪನ ಮಾತು ಹೇಳಿದಳು. ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಅವಳೇ ಅವರಿಗೆ ಗಂಜಿ ಕುಡಿಸುತ್ತಿದ್ದವಳು, ಉಗುಳುವ ಬೂದಿಯ ತಟ್ಟೆ ತೆಗೆಯುತ್ತಿದ್ದವಳು. ಮನೆಯಲ್ಲಿ ಕ್ಷಯ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಎದೆ ಕಾಯಿಲೆ’ ಎನ್ನುತ್ತಿದ್ದರಂತೆ. ನನಗೇ ಅದು ಅಂದು ಮೊದಲ ಬಾರಿಗೆ ತಿಳಿದದ್ದು. ಅಂದು ಹೊಕ್ಕ ರೋಗಾಣು ಐವತ್ತು ವರ್ಷ ಮಲಗಿ ಎದ್ದಿತೋ, ಈಚೆಗೆ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಹೊಸದಾಗಿ ತಗುಲಿತೋ, ಯಾವ ಪರೀಕ್ಷೆಯೂ ಈಗ ಬೇರ್ಪಡಿಸಿ ಹೇಳಲಾರದು. ಹೇಗೆ ಬಂದಿದ್ದರೂ ಅದಕ್ಕೆ ಬಾಗಿಲು ತೆರೆದುಕೊಟ್ಟದ್ದು ಹತೋಟಿ ತಪ್ಪಿದ ಸಕ್ಕರೆ.

ತಮಗೆ ಇದು ಪಾಠದ ಪುಸ್ತಕದ ವಿಷಯ. ಆದರೂ ತಮ್ಮ ಹೊರಗಿನ ಬೆಂಚಿನಲ್ಲಿ ಕೂತವರೂ ಈ ಕಾಗದ ಓದಲಿ ಎಂದು ಬರೆಯುತ್ತೇನೆ. ಕ್ಷಯದ ರೋಗಾಣು ಒಳಹೊಕ್ಕ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಶ್ವಾಸಕೋಶದ ಕಾವಲು ಕಣಗಳು ಅದನ್ನು ನುಂಗಿ, ಸುತ್ತ ಒಂದರ ಮೇಲೊಂದು ಕೂತು ಗೂಡು ಕಟ್ಟಿ ಬಂಧಿಸುತ್ತವೆ. ರೋಗಾಣು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ಬೇರೆಯವರಿಗೆ ಹರಡುವುದಿಲ್ಲ. ಇದು ಸುಪ್ತ ಸೋಂಕು. ಲೋಕದ ಜನಸಂಖ್ಯೆಯ ಕಾಲುಭಾಗಕ್ಕೆ ಈ ಸೋಂಕು ತಗುಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಮಂದಿಯಲ್ಲಿ ಅದು ಕಂಡಿತು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು.

ಸಕ್ಕರೆ ಬಂದಾಗ ಈ ಲೆಕ್ಕ ಕೆಡುತ್ತದೆ. ಸೋಂಕು ತಗಲುವುದರಲ್ಲಿ ಸಕ್ಕರೆಯ ಪಾತ್ರ ಸಣ್ಣದು. ಸಕ್ಕರೆ ಇರುವವರಲ್ಲಿ ಸುಪ್ತ ಸೋಂಕು ಉಳಿದವರಿಗಿಂತ ಸ್ವಲ್ಪವೇ ಹೆಚ್ಚು. ಮಲಗಿದ್ದನ್ನು ಎಬ್ಬಿಸುವುದರಲ್ಲಿ ಮಾತ್ರ ಅದರ ಪಾತ್ರ ದೊಡ್ಡದು. ಮಧುಮೇಹಿಗಳಿಗೆ ಕ್ಷಯ ಕಾಯಿಲೆ ಬರುವ ಅಪಾಯ ಎರಡರಿಂದ ಮೂರು ಪಟ್ಟು. ಕಾರಣ, ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಆ ಕಾವಲು ಕಣಗಳು ಮಂದವಾಗುತ್ತವೆ, ಕೂಗಿ ಕರೆಯುವುದು ತಡವಾಗುತ್ತದೆ, ಸಹಾಯ ಬರುವಷ್ಟರಲ್ಲಿ ರೋಗಾಣು ಹೆಚ್ಚಿರುತ್ತದೆ. ಕಾಯಿಲೆ ಬಿದ್ದ ಮೇಲೆ ಸಾವಿನ ಅಪಾಯವೂ ಸುಮಾರು ಇಮ್ಮಡಿ. ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಅವರಲ್ಲಿ ಮೂರಲ್ಲೊಬ್ಬರ ಎದೆಯಲ್ಲಿ ಆ ಗೂಡು ಇದೆ ಎಂದು ಸ್ಥೂಲವಾಗಿ ಹಿಡಿದರೂ ತಲೆ ತಿರುಗುತ್ತದೆ. ಅವರೆಲ್ಲ ಮೂರು ತಿಂಗಳಿಗೊಮ್ಮೆ ಬಂದು ಕೂರುವುದು ತಮ್ಮ ಬೆಂಚಿನಲ್ಲೇ.

ಇದು ಹೊಸ ಸುದ್ದಿಯೂ ಅಲ್ಲ. ಸಾವಿರ ವರ್ಷದ ಹಿಂದೆ ಪರ್ಷಿಯಾದ ವೈದ್ಯ ಇಬ್ನ್ ಸೀನಾ ಸಿಹಿಮೂತ್ರದವರಿಗೆ ಕ್ಷಯ ಅಂಟುವುದನ್ನು ಬರೆದಿಟ್ಟರು. 1934ರಲ್ಲಿ ಬಾಸ್ಟನ್‌ನ ವೈದ್ಯ ಹೋವರ್ಡ್ ರೂಟ್ ಈ ಎರಡರ ನಂಟಿನ ಬಗ್ಗೆಯೇ ಪ್ರಬಂಧ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡೂ ಕಡೆಯಿಂದ ತಪಾಸಣೆ ಆಗಬೇಕೆಂದು ಚೌಕಟ್ಟು ಕೊಟ್ಟಿತು, 2017ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಅಂಥದೇ ಚೌಕಟ್ಟು ಹೊರಡಿಸಿತು. ಟಿಬಿಯವರಿಗೆ ಶುಗರ್ ನೋಡಬೇಕು, ಶುಗರಿನವರಿಗೆ ಟಿಬಿ ಲಕ್ಷಣ ಕೇಳಬೇಕು. ಮೊದಲ ಅರ್ಧ ನಡೆಯುತ್ತಿದೆ: ಟಿಬಿ ಎಂದು ಗೊತ್ತಾದ ದಿನವೇ ಅಮ್ಮನ ಬೆರಳು ಚುಚ್ಚಿ ಶುಗರ್ ನೋಡಿದರು. ಕೇರಳದ ಒಂದು ಅಧ್ಯಯನದಲ್ಲಿ ಕ್ಷಯ ರೋಗಿಗಳಲ್ಲಿ ನೂರಕ್ಕೆ 44 ಮಂದಿಗೆ, ತಮಿಳುನಾಡಿನ ಇನ್ನೊಂದರಲ್ಲಿ ನಾಲ್ಕರಲ್ಲೊಬ್ಬರಿಗೆ ಸಕ್ಕರೆ ಇದ್ದದ್ದು ಕಂಡುಬಂತು; ಅವರಲ್ಲಿ ಹಲವರಿಗೆ ಅದು ತಿಳಿದದ್ದು ಹೀಗೆ ನೋಡಿದ್ದರಿಂದಲೇ. ಉಳಿದ ಅರ್ಧ ತಮ್ಮ ಪಾಲಿನದು.

ನಮ್ಮ ಜಿಲ್ಲೆಯ ಹೆಸರು ಕ್ಷಯದ ಚರಿತ್ರೆಯಲ್ಲಿದೆ ಎಂಬುದು ತಮಗೆ ತಿಳಿದಿರಬಹುದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದ ಹೊಸತರಲ್ಲಿ ಅಲ್ಲಿನ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ತಿರುಗಿ ಕ್ಷಯ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದ ಕಾಲ. ಅವರು ಕಂಡದ್ದೇ ಬೇರೆ: ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ಹೋಗಿ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು, ಬಹುಪಾಲು ಜನರನ್ನು ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಲಾಗಿತ್ತು. ಅದಾಗಿ ಅರವತ್ತು ವರ್ಷ ದಾಟಿದೆ. ಅದೇ ಜಿಲ್ಲೆಯಲ್ಲಿ ನಮ್ಮಮ್ಮನಿಗೆ ಸಿಕ್ಕಿದ್ದೂ ಸೀಸೆಯೇ.

ಈಗ ನನ್ನ ಮಾತಿಗೆ ಬರುತ್ತೇನೆ. ನನಗೂ ನಾಲ್ಕು ವರ್ಷದಿಂದ ಶುಗರ್, ನಾನೂ ತಮ್ಮ ರೋಗಿ. ಅಮ್ಮನಿಗೆ ಟಿಬಿ ಎಂದಾದ ಮೇಲೆ ಮನೆಯವರನ್ನೆಲ್ಲ ತಪಾಸಣೆ ಮಾಡಿದರು. ಮುಂಗೈಯ ಒಳಭಾಗದಲ್ಲಿ ಚರ್ಮದೊಳಕ್ಕೆ ಸಣ್ಣ ಸೂಜಿ ಚುಚ್ಚಿ, ಎರಡು ದಿನ ಬಿಟ್ಟು ಎದ್ದ ಗಂಟನ್ನು ಸ್ಕೇಲಿಟ್ಟು ಅಳೆದರು. ನನ್ನದು ಪಾಸಿಟಿವ್. ಎಕ್ಸ್‌ರೇ ಸ್ವಚ್ಛ. ಅಂದರೆ ನನ್ನೊಳಗೂ ಅದು ಮಲಗಿದೆ. ಆ ಚೀಟಿ ಹಿಡಿದು ತಮ್ಮಲ್ಲಿಗೆ ಓಡಿ ಬಂದೆ. ತಾವು ಚೀಟಿಯನ್ನು ಮೇಜಿನ ಈಚೆಗೆ ತಳ್ಳಿ, ‘ಅದು ಕಾಯಿಲೆಯಲ್ಲ ಬಿಡಿ, ಇಂಡಿಯಾದಲ್ಲಿ ಎಲ್ಲರಿಗೂ ಇರುತ್ತೆ’ ಅಂದಿರಿ. ನನ್ನ ಧೈರ್ಯಕ್ಕಾಗಿ ಹೇಳಿದಿರೆಂದು ಬಲ್ಲೆ. ಆದರೆ ಎಲ್ಲರಿಗೂ ಇರುವುದಿಲ್ಲ. ಇದ್ದವರೆಲ್ಲರಿಗೂ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9 ಇರುವುದಿಲ್ಲ. ಇದ್ದವರೆಲ್ಲರ ಮನೆಯಲ್ಲಿ ಕೆಮ್ಮುವ ತಾಯಿ ಇರುವುದಿಲ್ಲ. ನನಗೆ ಮೂರೂ ಇತ್ತು.

ಮಲಗಿದ ಸೋಂಕು ಏಳದಂತೆ ನನಗೆ ತಡೆ ಚಿಕಿತ್ಸೆ ಕೊಟ್ಟವರು ಸರ್ಕಾರಿ ಟಿಬಿ ವಿಭಾಗದವರು. ವಾರಕ್ಕೊಮ್ಮೆ, ಹನ್ನೆರಡು ವಾರ, ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್. ನರಗಳಿಗೆ ತೊಂದರೆಯಾಗದಿರಲಿ ಎಂದು ಜೊತೆಗೆ ಬಿ6 ಮಾತ್ರೆ. ಕಾಸು ಖರ್ಚಿಲ್ಲ. ರಿಫಾಪೆಂಟಿನ್ ಯಕೃತ್ತನ್ನು ಚುರುಕು ಮಾಡುತ್ತದೆ, ಆಗ ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆ ಬೇಗ ಕರಗಿ ಹೋಗುತ್ತದೆ. ನನ್ನ ಫಾಸ್ಟಿಂಗ್ 190ಕ್ಕೆ ಏರಿತು. ತಾವು ‘ಬೇರೆ ಏನು ನುಂಗುತ್ತಿದ್ದೀರಿ?’ ಎಂದು ಕೇಳದೆ, ಸಿಹಿ ತಿಂದಿರಬೇಕೆಂದು ಗದರಿ ಮಾತ್ರೆ ಇಮ್ಮಡಿ ಮಾಡಿದಿರಿ. ಹನ್ನೆರಡು ವಾರ ಮುಗಿದು ಯಕೃತ್ತು ಮೊದಲಿನಂತಾದಾಗ ಆ ಇಮ್ಮಡಿ ಮಾತ್ರೆ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಕೈ ನಡುಗಿ, ಕಣ್ಣು ಕತ್ತಲೆಗಟ್ಟಿ, ಸಹೋದ್ಯೋಗಿಯೊಬ್ಬರು ಬಾಯಿಗೆ ಸಕ್ಕರೆ ಹಾಕಿದರು. ಹಿಂದಿನ ಭೇಟಿಯಲ್ಲಿ ಆ ಟಿಬಿ ಚೀಟಿ ನೋಡಿ ಫೈಲಿಗೆ ಸೇರಿಸಿದ್ದರೆ ಇದು ಆಗುತ್ತಿರಲಿಲ್ಲ.

ಮಾನ್ಯರೇ, ನಾನು ಅಸಾಧ್ಯವಾದದ್ದನ್ನು ಬೇಡುತ್ತಿಲ್ಲ. ಶುಗರ್ ಇದ್ದವರೆಲ್ಲರಿಗೂ ಸುಪ್ತ ಸೋಂಕಿನ ಪರೀಕ್ಷೆ ಮಾಡಿ, ಎಲ್ಲರಿಗೂ ಮಾತ್ರೆ ಕೊಡಿ ಎನ್ನುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆ ಹೇಳಿಲ್ಲ. ತಡೆ ಚಿಕಿತ್ಸೆ ಮಧುಮೇಹಿಗಳಿಗೆ ಎಷ್ಟು ಪ್ರಯೋಜನ ಎಂದು ತಿಳಿಯಲೆಂದೇ ತಾಂಜೇನಿಯಾ ಮತ್ತು ಉಗಾಂಡಾದಲ್ಲಿ ಪ್ರಯೋಗ ಕೈಗೊಂಡರು. ಆ ಮಾತ್ರೆಗೂ ಅದರದೇ ಕಾಟಗಳಿವೆ, ಯಕೃತ್ತು ನೋಡಿಕೊಳ್ಳಬೇಕು. ನನ್ನ ವಿನಂತಿ ಬೇರೆ. ತೂಕ ಬರೆಯುವ ನರ್ಸಮ್ಮ ಪ್ರತಿ ಸಲ ಆಶಾ ಕಾರ್ಯಕರ್ತೆ ಕೇಳಿದ ಆ ನಾಲ್ಕು ಪ್ರಶ್ನೆ ಕೇಳಲಿ. ಒಂದಕ್ಕೆ ಹೌದೆಂದರೂ ಕಫ ಪರೀಕ್ಷೆಗೆ ಬರೆದುಕೊಡಿ, ಎದೆಯ ಎಕ್ಸ್‌ರೇ ತೆಗೆಸಿ. ಮನೆಯಲ್ಲಿ ಈಗ ಟಿಬಿ ಇದೆಯೇ, ಹಿಂದೆ ಇತ್ತೇ ಎಂದು ಫೈಲಿನ ಮೊದಲ ಪುಟದಲ್ಲೇ ಬರೆಯಿರಿ. ಮನೆಯಲ್ಲಿ ಟಿಬಿ ರೋಗಿ ಇರುವ ಶುಗರಿನವರನ್ನು ತಡೆ ಚಿಕಿತ್ಸೆಗೆ ಕಳಿಸಿ, ಆ ಅವಧಿಯಲ್ಲೂ ಮುಗಿದ ಮೇಲೂ ಶುಗರ್ ಮಾತ್ರೆಯ ಲೆಕ್ಕ ತಾವೇ ನೋಡಿ. ತೂಕ ಇಳಿದರೆ, ಹೇಗೆ ಇಳಿಯಿತು ಎಂದು ಕೇಳಿದ ಮೇಲೆ ಶಹಬ್ಬಾಸ್ ಎನ್ನಿ.

ತಮ್ಮ ನಿತ್ಯದ ಕೆಲಸವೇ ಇಲ್ಲಿ ದೊಡ್ಡ ಔಷಧಿ. ಹಾಂಗ್‌ಕಾಂಗ್‌ನಲ್ಲಿ 65 ದಾಟಿದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ 7ಕ್ಕಿಂತ ಕೆಳಗಿದ್ದ ಮಧುಮೇಹಿಗಳಲ್ಲಿ ಕ್ಷಯದ ಅಪಾಯ ಹೆಚ್ಚಾಗಿರಲಿಲ್ಲ, 7 ದಾಟಿದವರಲ್ಲಿ ಮಾತ್ರ ಏರಿತ್ತು. ಊಟ, ನಡಿಗೆ, ಮಾತ್ರೆ ಎಂದು ತಾವು ದಿನವೂ ಹೇಳುವುದನ್ನು ‘ಇದು ನಿಮ್ಮ ಎದೆಗೂ ಕಾವಲು’ ಎಂದು ಸೇರಿಸಿ ಹೇಳಿ. ಅಮ್ಮನಿಗೆ ಹದಿನಾರು ವರ್ಷ ತಾವು ಹೇಳಿದ್ದನ್ನು ಅವಳು ಅರ್ಧ ಕೇಳಿದಳು. ತನ್ನ ಅಪ್ಪನನ್ನು ಕೊಂದ ಕಾಯಿಲೆಯ ಹೆಸರು ಹೇಳಿದ್ದರೆ ಪೂರ್ತಿ ಕೇಳುತ್ತಿದ್ದಳು ಎಂದು ನನಗೆ ಖಾತ್ರಿಯಿದೆ.

ಆರು ತಿಂಗಳ ಚಿಕಿತ್ಸೆ ಮುಗಿಸಿ ಅಮ್ಮ ಉಳಿದಿದ್ದಾಳೆ. ಬಲ ಶ್ವಾಸಕೋಶದ ಕೆಳಭಾಗ ಗಾಯದ ಕಲೆಯಾಗಿ ನಿಂತಿದೆ, ಮನೆಯ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ತೂಕ 58. ಕಳೆದ ತಿಂಗಳು ತಮ್ಮಲ್ಲಿಗೆ ಬಂದಾಗ ನರ್ಸಮ್ಮ ಅದನ್ನು ಅದೇ ದುಂಡು ಅಕ್ಷರದಲ್ಲಿ ಬರೆದುಕೊಂಡರು. ಈ ಸಲವೂ ಕೆಮ್ಮಿನ ಬಗ್ಗೆ ಕೇಳಲಿಲ್ಲ.

ಮುಂದಿನ ಮಂಗಳವಾರ ನನ್ನ ಸರದಿ. ದಯವಿಟ್ಟು ನನ್ನನ್ನು ಕೇಳಿ. ನನ್ನ ಹಿಂದೆ ಬೆಂಚಿನಲ್ಲಿ ಕೂತವರನ್ನೂ ಕೇಳಿ.

ಇತಿ ತಮ್ಮ ವಿಧೇಯ,
ಹಳದಿ ಫೈಲಿನ ಅಮ್ಮನ ಮಗ